ಚಿಕ್ಕಮಗಳೂರಿನಲ್ಲಿ ಓಡುವ ದಾರಿಯನ್ನೂ ಓಟದ ಜೊತೆಗಾರರನ್ನೂ ಹುಡುಕಿಕೊಳ್ಳುವ ಬಗೆ

ಚಿಕ್ಕಮಗಳೂರಿಗೆ ವರ್ಗವಾಗಿ ಬಂದವರು, ಓದಲು ಬಂದವರು, ಇಲ್ಲಿಯೇ ಹುಟ್ಟಿ ಬೆಳೆದು ಈಗ ವೈದ್ಯರ ಮಾತಿಗೆ ಓಗೊಟ್ಟು ಓಡಲು ಹೊರಟವರು ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಎಲ್ಲಿ ಓಡುವುದು, ಯಾರ ಜೊತೆ ಓಡುವುದು? ಬೆಟ್ಟ, ತೋಟ, ಕೆರೆ ಎಲ್ಲವೂ ಹತ್ತಿರದಲ್ಲಿರುವ ಊರಿನಲ್ಲಿ ಇದೇನು ದೊಡ್ಡ ಪ್ರಶ್ನೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಜನವರಿಯ ಬೆಳಗಿನಲ್ಲಿ ಹಿತವಾಗಿದ್ದ ತೋಟದ ರಸ್ತೆ ಜುಲೈ ತಿಂಗಳಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಮಂಗಳವಾರ ನಿರ್ಜನವಾಗಿದ್ದ ಮುಳ್ಳಯ್ಯನಗಿರಿಯ ದಾರಿಯಲ್ಲಿ ಭಾನುವಾರ ಪ್ರವಾಸಿಗರ ವಾಹನಗಳ ಸಾಲು ನಿಂತಿರುತ್ತದೆ. ಆದ್ದರಿಂದ ಇಲ್ಲಿ ದಾರಿ ಹುಡುಕುವವರು ಜಾಗದ ಜೊತೆಗೆ ಹೊತ್ತನ್ನೂ ಕಾಲವನ್ನೂ ಸೇರಿಸಿಯೇ ಹುಡುಕಬೇಕು ಎಂಬುದು ಹಲವು ವರ್ಷಗಳ ಓಟದಿಂದ ನನಗೆ ಖಚಿತವಾಗಿರುವ ಸಂಗತಿ. ಜೊತೆಗಾರರ ವಿಷಯದಲ್ಲಿಯೂ ಅಷ್ಟೆ, ಯಾರು ಎಷ್ಟು ವೇಗವಾಗಿ ಓಡುತ್ತಾರೆ ಎನ್ನುವುದಕ್ಕಿಂತ ಹಿಂದೆ ಬಿದ್ದವರಿಗಾಗಿ ಯಾರು ನಿಲ್ಲುತ್ತಾರೆ ಎಂಬುದನ್ನು ಮೊದಲು ನೋಡಬೇಕು.

1. ಊರಿನ ನೆಲ ಯಾವ ಕಡೆ ಏರುತ್ತದೆ ಎಂದು ತಿಳಿಯಿರಿ

ಚಿಕ್ಕಮಗಳೂರು ನಗರ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ, ಮಲೆನಾಡು ಮತ್ತು ಬಯಲುಸೀಮೆ ಕೂಡುವ ಅಂಚಿನಲ್ಲಿದೆ. ಉತ್ತರಕ್ಕೂ ವಾಯವ್ಯಕ್ಕೂ ಚಂದ್ರದ್ರೋಣ ಪರ್ವತಶ್ರೇಣಿ ಎದ್ದು ನಿಂತಿದ್ದರೆ, ಪೂರ್ವಕ್ಕೂ ಆಗ್ನೇಯಕ್ಕೂ ಲಕ್ಯಾ, ಬೆಳವಾಡಿಯ ಕಡೆಗೆ ನೆಲ ಬಯಲಾಗುತ್ತ ಹೋಗುತ್ತದೆ. ಓಡುವವರಿಗೆ ಇದರಿಂದ ಆಗುವ ಅನುಕೂಲ ದೊಡ್ಡದು. ಗಿರಿಯ ದಾರಿಯಲ್ಲಿರುವ ಕೈಮರದ ಕಡೆ ಜಿಟಿಜಿಟಿ ಮಳೆ ಹಿಡಿದಿರುವ ಬೆಳಗಿನಲ್ಲಿ ಊರಿನ ಪೂರ್ವದ ಹಳ್ಳಿಗಳ ರಸ್ತೆ ಒಣಗಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಹೊಸಬರು ಮೊದಲ ಎರಡು ಮೂರು ತಿಂಗಳು ಬಯಲಿನ ಕಡೆಯ ರಸ್ತೆಗಳಲ್ಲೇ ಓಡಿ, ಕಾಲು ಪಳಗಿದ ಮೇಲೆ ಬೆಟ್ಟದ ಕಡೆ ಮುಖ ಮಾಡುವುದು ಒಳ್ಳೆಯದು.

ಏರನ್ನು ಅಳೆಯುವುದು ಕಷ್ಟವೇನಲ್ಲ. ಒಂದು ಕಿಲೋಮೀಟರಿಗೆ 20 ಮೀಟರ್ ಏರುವ ರಸ್ತೆ ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ, ಆದರೆ ಉಸಿರಿಗೆ ಗೊತ್ತಾಗುತ್ತದೆ. 50 ಮೀಟರ್ ಏರುವ ರಸ್ತೆಯಲ್ಲಿ ಹೊಸಬರು ಅಲ್ಲಲ್ಲಿ ನಡೆಯಲೇಬೇಕಾಗುತ್ತದೆ. 100 ಮೀಟರ್ ಏರುವ ಕಡೆ ಅನುಭವಿಗಳೂ ನಡೆದು ಹತ್ತುತ್ತಾರೆ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಫೋನಿನ ಓಟದ ಆ್ಯಪ್‌ಗಳಲ್ಲಿ ದಾರಿಯನ್ನು ಗುರುತಿಸಿದರೆ ಒಟ್ಟು ಏರು ಎಷ್ಟೆಂದು ತೋರಿಸುತ್ತವೆ, ಹೊರಡುವ ಮುಂಚೆ ಆ ಅಂಕಿಯನ್ನು ದೂರದ ಜೊತೆಗಿಟ್ಟು ನೋಡಿ.

2. ನಕ್ಷೆಯಿಂದ ಆರಂಭಿಸಿ, ಆದರೆ ಅದನ್ನೇ ನಂಬಬೇಡಿ

ಸ್ಟ್ರಾವಾದಂತಹ ಆ್ಯಪ್‌ಗಳಲ್ಲಿ ಜನ ಹೆಚ್ಚಾಗಿ ಓಡಿರುವ ದಾರಿಗಳು ದಟ್ಟ ಬಣ್ಣದಲ್ಲಿ ಕಾಣುತ್ತವೆ. ಊರಿನಲ್ಲಿ ಎಲ್ಲೆಲ್ಲಿ ಓಟಗಾರರಿದ್ದಾರೆ ಎಂಬುದಕ್ಕೆ ಇದೊಂದು ಒಳ್ಳೆಯ ಸುಳಿವು. ಆದರೆ ಆ ಬಣ್ಣದ ಗೆರೆಯನ್ನು ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದು ಹೋಂಸ್ಟೇಯಿಂದ ಹೊರಟವರೂ ಬರೆದಿರುತ್ತಾರೆ; ಅವರು ಓಡಿದ ದಾರಿ ನಿಮಗೆ ನಿತ್ಯದ ದಾರಿಯಾಗುವುದಿಲ್ಲ.

ಉಪಗ್ರಹ ಚಿತ್ರಕ್ಕೆ ಮಲೆನಾಡಿನಲ್ಲಿ ಬೇರೆಯದೇ ತೊಡಕಿದೆ. ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳು ದಟ್ಟವಾಗಿರುವುದರಿಂದ ಕೆಳಗಿನ ರಸ್ತೆ ಚಿತ್ರದಲ್ಲಿ ಕಾಣುವುದೇ ಇಲ್ಲ, ಕಂಡರೂ ಅದು ಊರಿನಿಂದ ಊರಿಗೆ ಹೋಗುವ ರಸ್ತೆಯೋ ತೋಟದ ಕಣಕ್ಕೆ ಹೋಗಿ ಮುಗಿಯುವ ಜೀಪಿನ ದಾರಿಯೋ ಎಂದು ತಿಳಿಯುವುದಿಲ್ಲ. ನಕ್ಷೆಯಲ್ಲಿ ಸರಾಗವಾಗಿ ಹಾದುಹೋದಂತೆ ಕಾಣುವ ಗೆರೆಯೊಂದು ಬೀಗ ಹಾಕಿದ ಗೇಟಿನ ಮುಂದೆ ನಿಲ್ಲುವುದು ನಮ್ಮಲ್ಲಿ ಸಾಮಾನ್ಯ. ಆದ್ದರಿಂದ ಮನೆಯಿಂದ ನಾಲ್ಕೈದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಐದಾರು ದಾರಿಗಳನ್ನು ಗುರುತು ಮಾಡಿಕೊಂಡು, ಅವುಗಳಲ್ಲಿ ಎರಡು ಉಳಿದರೆ ಸಾಕು ಎಂಬ ಲೆಕ್ಕದಲ್ಲಿ ಮುಂದುವರಿಯಿರಿ. ಆ್ಯಪ್ ಬಳಸುವವರು ಒಂದು ಕೆಲಸವನ್ನು ಮರೆಯಬಾರದು: ಮನೆಯ ಸುತ್ತಲಿನ ಭಾಗ ಇತರರಿಗೆ ಕಾಣದಂತೆ ಮಾಡುವ ಸೌಲಭ್ಯವನ್ನು ಮೊದಲ ದಿನವೇ ಹಾಕಿಕೊಳ್ಳಬೇಕು, ಮುಖ್ಯವಾಗಿ ಒಬ್ಬಂಟಿಯಾಗಿ ಓಡುವ ಹೆಣ್ಣುಮಕ್ಕಳು.

3. ಓಡುವ ಹೊತ್ತಿನಲ್ಲೇ ದಾರಿಯನ್ನು ನಡೆದು ನೋಡಿ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದು, ಬಹಳಷ್ಟು ಜನ ಬಿಟ್ಟುಬಿಡುವ ಹಂತವೂ ಇದೇ. ಬೆಳಿಗ್ಗೆ 5:45ಕ್ಕೆ ಓಡಬೇಕೆಂದಿದ್ದರೆ ಅದೇ ಹೊತ್ತಿಗೆ, ಒಂದು ಟಾರ್ಚ್ ಹಿಡಿದು, ಇಡೀ ದಾರಿಯನ್ನು ಒಮ್ಮೆ ನಡೆಯಿರಿ. ಸಂಜೆ ಬೈಕಿನಲ್ಲಿ ಹೋಗಿ ನೋಡಿ ಬಂದರೆ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯ ಮೂಡಿದರೆ ಜನವರಿಯಲ್ಲಿ ಆರೂಮುಕ್ಕಾಲು ದಾಟುತ್ತದೆ. ಬೇಸಿಗೆಯಲ್ಲಿ ನೋಡಿಟ್ಟ ದಾರಿ ಚಳಿಗಾಲದಲ್ಲಿ ಅದೇ ಹೊತ್ತಿಗೆ ಕತ್ತಲಲ್ಲಿರುತ್ತದೆ, ಮೇಲೆ ಮಂಜೂ ಕವಿದಿರುತ್ತದೆ.

ನಡೆಯುವಾಗ ಗಮನಿಸಬೇಕಾದದ್ದು ಇಷ್ಟು. ಟಾರಿನ ಅಂಚಿನಲ್ಲಿ ಕಾಲಿಡಲು ಮಣ್ಣಿನ ಜಾಗವಿದೆಯೇ, ಅಥವಾ ಅಂಚು ಅರ್ಧ ಅಡಿ ಕುಸಿದು ಚರಂಡಿಗೆ ಇಳಿದಿದೆಯೇ? ಬೀದಿದೀಪ ಯಾವ ಕಂಬದವರೆಗೆ ಉರಿಯುತ್ತದೆ? ನಾಯಿಗಳು ಯಾವ ಮನೆಯ ಮುಂದೆ, ಯಾವ ಕೋಳಿ ಅಂಗಡಿಯ ಪಕ್ಕದಲ್ಲಿ ಗುಂಪುಗೂಡಿವೆ? ತಿರುವುಗಳಲ್ಲಿ ಎದುರಿನ ವಾಹನ ಎಷ್ಟು ದೂರದಿಂದ ಕಾಣುತ್ತದೆ? ಹಾಲಿನ ವಾಹನ, ಮೊದಲ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ? ಫೋನಿಗೆ ಸಿಗ್ನಲ್ ಎಲ್ಲಿ ತಪ್ಪುತ್ತದೆ? ಕೊನೆಯ ಪ್ರಶ್ನೆಯ ಉತ್ತರವನ್ನು ನೆನಪಿನಲ್ಲಿಡದೆ ಬರೆದಿಟ್ಟುಕೊಳ್ಳಿ. ಒಮ್ಮೆ ಪುಷ್ಯ ಮಳೆಯ ದಿನಗಳಲ್ಲಿ ತೋಟದ ನಡುವಿನ ಇಳಿಜಾರಿನಲ್ಲಿ ನನ್ನ ಕಾಲು ಉಳುಕಿತು. ಟಾರಿನ ಮೇಲೆ ತೆಳ್ಳಗೆ ಹಬ್ಬಿದ್ದ ಹಸಿರು ಪಾಚಿಯನ್ನು ನಾನು ನೋಡಿರಲಿಲ್ಲ. ಫೋನು ತೆಗೆದರೆ ಸಿಗ್ನಲ್ ಇಲ್ಲ. ಮುಕ್ಕಾಲು ಗಂಟೆಯ ನಂತರ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬರು ಬಂದು, "ಏನಣ್ಣ, ಜಾರ್ಬಿಟ್ರಾ? ಕಾಲು ಎತ್ತಬೇಡಿ, ಹಂಗೇ ಕೂತ್ಕೊಳಿ" ಎಂದು ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ನನ್ನ ಪಾದಕ್ಕೆ ಬಿಗಿಯಾಗಿ ಸುತ್ತಿದರು. ಆ ದಿನದಿಂದ ಮಳೆಗಾಲದಲ್ಲಿ ನೆರಳಿರುವ ಇಳಿಜಾರುಗಳನ್ನು ನಡೆದೇ ಇಳಿಯುತ್ತೇನೆ, ಹೊರಡುವ ಮುಂಚೆ ಯಾವ ದಾರಿ, ಎಷ್ಟು ಹೊತ್ತಿಗೆ ಹಿಂತಿರುಗುತ್ತೇನೆ ಎಂಬುದನ್ನು ಮನೆಯಲ್ಲಿ ಹೇಳಿಯೇ ಹೋಗುತ್ತೇನೆ.

ವಾಹನ ಓಡಾಡುವ ರಸ್ತೆಯಲ್ಲಿ ಬಲಬದಿಯಲ್ಲಿ ಓಡಬೇಕು, ಎದುರಿನಿಂದ ಬರುವ ವಾಹನ ಆಗ ನಿಮ್ಮ ಕಣ್ಣಿಗೆ ಬೀಳುತ್ತದೆ. ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಮಾತ್ರ ಮುಂಚೆಯೇ ಎರಡೂ ಕಡೆ ನೋಡಿ ಎಡಕ್ಕೆ ದಾಟಿ, ತಿರುವು ಮುಗಿದ ಮೇಲೆ ಮರಳಿ ಬಲಕ್ಕೆ ಬನ್ನಿ. ಮಂಜು ಇರುವಾಗ ಬಿಳಿ ಅಂಗಿಯಿಂದ ಉಪಯೋಗವಿಲ್ಲ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ ಅಥವಾ ಸಣ್ಣ ಮಿನುಗುದೀಪ ಬೇಕು.

4. ಊರೊಳಗೆ ಒಂದು ಖಾಯಂ ಜಾಗ ಇಟ್ಟುಕೊಳ್ಳಿ

ಯಾವ ಕಾಲದಲ್ಲೂ ತಪ್ಪದೆ ಓಡಲು ಊರೊಳಗೇ ಒಂದು ಜಾಗ ಬೇಕು. ಜಿಲ್ಲಾ ಆಟದ ಮೈದಾನ ಅದಕ್ಕೆ ಮೊದಲ ಆಯ್ಕೆ. ವಾಹನದ ಭಯವಿಲ್ಲ, ಜನ ಇರುತ್ತಾರೆ, ಸುಸ್ತಾದರೆ ಎಲ್ಲಿ ಬೇಕಾದರೂ ನಿಲ್ಲಬಹುದು. ಅಳತೆಗೆ ಮಾಡಿದ ಟ್ರ್ಯಾಕಿನ ಒಳಗಿನ ಸಾಲು 400 ಮೀಟರ್ ಇರುತ್ತದೆ, ಅಂದರೆ ಎರಡೂವರೆ ಸುತ್ತಿಗೆ ಒಂದು ಕಿಲೋಮೀಟರ್. ಹೊರಗಿನ ಸಾಲಿನಲ್ಲಿ ಓಡಿದರೆ ಸುತ್ತು ಉದ್ದವಾಗುತ್ತದೆ. ಟ್ರ್ಯಾಕಿನಲ್ಲಿ ಒಳಗಿನ ಸಾಲನ್ನು ವೇಗವಾಗಿ ಓಡುವವರಿಗೆ ಬಿಟ್ಟುಕೊಡುವುದು ಮರ್ಯಾದೆ, ನಡೆಯುವವರೂ ನಿಧಾನವಾಗಿ ಓಡುವವರೂ ಹೊರಗಿನ ಸಾಲು ಹಿಡಿಯಬೇಕು.

ಸಣ್ಣ ಏರನ್ನು ಅಭ್ಯಾಸ ಮಾಡಲು ರತ್ನಗಿರಿ ಬೋರೆ ಇದೆ. ಊರಿನ ನಡುವೆಯೇ ಇರುವ ಈ ಗುಡ್ಡವನ್ನು ಜನ ಮಹಾತ್ಮ ಗಾಂಧಿ ಉದ್ಯಾನವೆಂದೇ ಹೆಚ್ಚಾಗಿ ತಿಳಿದಿದ್ದಾರೆ. ಇಲ್ಲಿ ಐದಾರು ಬಾರಿ ಹತ್ತಿ ಇಳಿದರೆ ಮುಂದೆ ಗಿರಿಯ ರಸ್ತೆಗೆ ಬೇಕಾದ ತೊಡೆಯ ಬಲ ನಿಧಾನವಾಗಿ ಬರುತ್ತದೆ. ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆಗಳ ಆಸುಪಾಸಿನಲ್ಲಿ ಮನೆ ಇರುವವರು ಏರಿಯ ಮೇಲಿನ ದಾರಿಯನ್ನು ಮೂರನೆಯ ಹಂತದಲ್ಲಿ ಹೇಳಿದಂತೆ ನಡೆದು ನೋಡಿ ತೀರ್ಮಾನಿಸಲಿ. ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದ ಕಡೆಯಿಂದ ಆಚೆಗೆ ಹಳ್ಳಿಗಳಿಗೆ ಹೋಗುವ ಸಣ್ಣ ರಸ್ತೆಗಳು ಬೆಳಗಿನ ಹೊತ್ತು ಶಾಂತವಾಗಿರುತ್ತವೆ. ಕೆ.ಎಂ. ರಸ್ತೆಯಲ್ಲಿ, ಅಂದರೆ ಕಡೂರಿನಿಂದ ಮೂಡಿಗೆರೆಯ ಕಡೆಗೆ ಹಾಯುವ ಹೆದ್ದಾರಿಯಲ್ಲಿ, ಎಷ್ಟೇ ಬೇಗ ಎದ್ದರೂ ಓಡಬೇಡಿ. ಅಲ್ಲಿಯ ವಾಹನಗಳ ವೇಗಕ್ಕೆ ಓಟಗಾರರ ಲೆಕ್ಕವಿರುವುದಿಲ್ಲ.

5. ತೋಟದ ರಸ್ತೆಗೆ ಕೇಳಿಯೇ ಕಾಲಿಡಿ

ಮಣ್ಣಿನ ಮೆತ್ತನೆಯ ದಾರಿ, ನೆರಳು, ಏರಿಳಿತ, ಕಾಲಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗದು. ಕಾಫಿ ತೋಟಗಳ ನಡುವೆ 50 ಮತ್ತು 100 ಕಿಲೋಮೀಟರಿನ ಓಟ ನಡೆಸುವ ಮಲ್ನಾಡ್ ಅಲ್ಟ್ರಾಕ್ಕೆ ದೂರದ ಊರುಗಳಿಂದ ಜನ ನಮ್ಮ ಜಿಲ್ಲೆಗೆ ಬರುವುದು ಈ ನೆಲಕ್ಕಾಗಿಯೇ. ಆದರೆ ಅಂತಹ ಓಟಗಳಿಗೆ ಮೊದಲೇ ಒಪ್ಪಿಗೆ ಪಡೆದಿರುತ್ತಾರೆ. ಉಳಿದ ದಿನಗಳಲ್ಲಿ ತೋಟವೆಂದರೆ ಒಬ್ಬರ ಮನೆಯಂಗಳ, ಗೇಟು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಹೋಗಬಹುದು ಎಂದರ್ಥವಲ್ಲ.

ಕೇಳುವ ಕ್ರಮ ಸರಳವಾಗಿದೆ. ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ, ಕೆಲಸ ಹಂಚುವ ಸಮಯದಲ್ಲಿ, ತೋಟದ ಲೆಕ್ಕಪತ್ರ ನೋಡುವ ರೈಟರನ್ನೋ ಮೇಸ್ತ್ರಿಯನ್ನೋ ಭೇಟಿಯಾಗಿ, ಓಡುವ ಬಟ್ಟೆಯಲ್ಲಿ ಹೋಗದೆ ಸಾಮಾನ್ಯ ಉಡುಪಿನಲ್ಲಿ ಹೋಗಿ, ನೀವು ಯಾರು, ಎಲ್ಲಿ ಮನೆ, ವಾರದಲ್ಲಿ ಯಾವ ದಿನ ಎಷ್ಟು ಹೊತ್ತಿಗೆ ಎಷ್ಟು ಜನ ಬರುತ್ತೀರಿ ಎಂಬುದನ್ನು ಹೇಳಿ. ಅವರು ಮಾಲೀಕರನ್ನು ಕೇಳಿ ತಿಳಿಸುತ್ತಾರೆ. ಕೊಯ್ಲು ನಡೆಯುವ ಡಿಸೆಂಬರಿನಿಂದ ಫೆಬ್ರುವರಿಯವರೆಗೆ "ಬೇಡ" ಎನ್ನುವ ಸಾಧ್ಯತೆ ಹೆಚ್ಚು. ಹಣ್ಣು ಕಳುವಿನ ಆತಂಕ ಇರುವ ಕಾಲವದು, ಕೆಲಸದವರನ್ನು ತರುವ ಪಿಕಪ್‌ಗಳ ಓಡಾಟವೂ ಹೆಚ್ಚಿರುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಗೇಟು ಹೇಗಿತ್ತೋ ಹಾಗೆಯೇ ಮುಚ್ಚಿ ಬನ್ನಿ, ಹೂಮಳೆಯ ನಂತರ ಗಿಡವೆಲ್ಲ ಬೆಳ್ಳಗಾದಾಗ ಸಾಲಿನೊಳಗೆ ನುಗ್ಗಿ ಫೋಟೊ ತೆಗೆಯಬೇಡಿ, ಹೇಳಿದ್ದಕ್ಕಿಂತ ಒಬ್ಬರನ್ನೂ ಹೆಚ್ಚಿಗೆ ಕರೆದುಕೊಂಡು ಹೋಗಬೇಡಿ.

ರೈಟರ ಪರಿಚಯದಿಂದ ಇನ್ನೊಂದು ಉಪಕಾರವಿದೆ. ಆನೆಯ ಸುದ್ದಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೆ. ಒಂದು ಬೆಳಿಗ್ಗೆ ಗೇಟಿನ ಬಳಿ ಕಾಯುತ್ತಿದ್ದ ರೈಟರು ನಮ್ಮನ್ನು ತಡೆದು, "ಇವತ್ತು ಬ್ಯಾಡ ಸಾರ್, ರಾತ್ರಿ ದಾಟಿದೆ" ಎಂದಷ್ಟೇ ಹೇಳಿ ಕೈ ತೋರಿಸಿದರು. ಇಪ್ಪತ್ತು ಹೆಜ್ಜೆಯಾಚೆ ದಾರಿಯ ಮಧ್ಯೆ ಬಿದ್ದಿದ್ದ ಲದ್ದಿಯಿಂದ ಇನ್ನೂ ಹಬೆಯಾಡುತ್ತಿತ್ತು, ಪಕ್ಕದ ಬಾಳೆ ಬುಡಸಮೇತ ಮುರಿದಿತ್ತು.

6. ಪ್ರಾಣಿಗಳ ವಿಷಯದಲ್ಲಿ ಪಾಲಿಸಬೇಕಾದ ನಿಯಮಗಳು

ಆನೆ ದೂರದ ಆಲ್ದೂರು, ಮೂಡಿಗೆರೆಯ ಮಾತೆಂದು ಊರಿನವರು ಅಂದುಕೊಳ್ಳುವಂತಿಲ್ಲ. 2024ರ ಆರಂಭದಲ್ಲಿ ಬೀಟಮ್ಮ ಎಂಬ ಹೆಸರಿನಿಂದ ಜನ ಗುರುತಿಸುವ ಹಿಂಡು ಚಿಕ್ಕಮಗಳೂರು ನಗರದ ಹತ್ತಿರದ ಹಳ್ಳಿಗಳವರೆಗೂ ಬಂದಿತ್ತು. ಅರಣ್ಯ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಮೈದಾನದಲ್ಲೇ ಓಡಿ. ತೋಟ ಮತ್ತು ಕಾಡಿನಂಚಿನಲ್ಲಿ ಪೂರ್ತಿ ಬೆಳಕು ಹರಿಯುವ ಮುಂಚೆ ಓಡಬೇಡಿ, ಕಿವಿಗೆ ಇಯರ್‌ಫೋನ್ ಹಾಕಬೇಡಿ. ಕೊಂಬೆ ಮುರಿಯುವ ಸದ್ದು ಕೇಳಿದರೆ ನಿಂತು, ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂತಿರುಗಿ. ಕಾಟಿ (ಕಾಡುಕೋಣ) ಕಂಡರೂ ಹಾಗೆಯೇ, ದಾರಿ ಬಿಟ್ಟುಕೊಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಬೆನ್ನು ತೋರಿಸದೆ, ನಿಧಾನವಾಗಿ ನಡೆಯಿರಿ. ಕಚ್ಚಿದರೆ ಗಾಯ ಚಿಕ್ಕದೆಂದು ಬಿಡಬಾರದು: ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಆರಂಭಿಸಬೇಕು. ಇಂಬಳಕ್ಕೆ (ಜಿಗಣೆಗೆ) ಉದ್ದ ಕಾಲುಚೀಲ, ಅದರ ಮೇಲೆ ಉಪ್ಪು ಅಥವಾ ಸುಣ್ಣ ಹೊಗೆಸೊಪ್ಪಿನ ನೀರು ಸಾಕು. ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯ ಕಡೆ ಓಡಲು ಹೋಗುವವರು ಮಾತ್ರ ಉಣುಗಿನ (ಉಣ್ಣೆಹುಳುವಿನ) ಬಗ್ಗೆ ಎಚ್ಚರವಾಗಿರಬೇಕು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚುತ್ತದೆ. ಮಂಗ ಸತ್ತು ಬಿದ್ದಿರುವುದು ಕಂಡರೆ ಆ ದಾರಿ ಬಿಟ್ಟು ಆರೋಗ್ಯ ಇಲಾಖೆಗೆ ತಿಳಿಸಿ.

7. ಗಿರಿಯ ಓಟ ಯಾವಾಗ

ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಊರಿನಿಂದ ಲೆಕ್ಕ ಹಾಕಿದರೆ 800 ಮೀಟರಿಗೂ ಮಿಕ್ಕಿದ ಏರು. ಅಲ್ಲಂಪುರ, ಕೈಮರದ ಮೂಲಕ ಹೋಗುವ ಈ ರಸ್ತೆಯಲ್ಲಿ ಊರಿನಿಂದಲೇ ಓಡುತ್ತ ಶಿಖರ ಮುಟ್ಟುವ ಆಸೆ ಎಲ್ಲ ಓಟಗಾರರಿಗೂ ಒಂದು ದಿನ ಬರುತ್ತದೆ. ಬಯಲಿನಲ್ಲಿ 15 ಕಿಲೋಮೀಟರನ್ನು ಮಾತಾಡುತ್ತಲೇ ಓಡುವಷ್ಟು ಶಕ್ತಿ ಬಂದ ಮೇಲೆ, ವಾರದ ನಡುವಿನ ದಿನ, ಇಬ್ಬರಿಗೆ ಕಡಿಮೆಯಿಲ್ಲದೆ ಹೊರಡಿ. ಶನಿವಾರ, ಭಾನುವಾರ, ಸಾಲು ರಜೆಗಳಲ್ಲಿ ಕಿರಿದಾದ ತಿರುವುಗಳಲ್ಲಿ ವಾಹನಗಳೇ ತುಂಬಿರುತ್ತವೆ. ಮೇಲೆ ಗಾಳಿಯ ಹೊಡೆತ ಹೆಚ್ಚು, ಬೆವರಿದ ಮೈ ನಿಂತ ಕೂಡಲೇ ತಣ್ಣಗಾಗುವುದರಿಂದ ಮಡಿಸಿ ಇಡಬಹುದಾದ ಜಾಕೆಟ್ ಸೊಂಟಕ್ಕೆ ಕಟ್ಟಿಕೊಂಡಿರಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದರೆ ಬೋಳು ಗುಡ್ಡದ ನೆತ್ತಿಯಲ್ಲಿ ಒಂದು ನಿಮಿಷವೂ ನಿಲ್ಲಬಾರದು. ಕಾಡಿನ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗೆ ಓಡುವ ಯೋಚನೆಯನ್ನೇ ಬಿಡಿ.

8. ಜೊತೆಗಾರರನ್ನು ಹುಡುಕುವುದು

ದೊಡ್ಡ ನಗರಗಳಲ್ಲಿ ಓಟದ ಗುಂಪುಗಳಿಗೆ ಹೆಸರು, ಅಂಗಿ, ಶುಲ್ಕ ಎಲ್ಲ ಇರುತ್ತದೆ. ನಮ್ಮಂತಹ ಊರಿನಲ್ಲಿ ಗುಂಪು ಎಂದರೆ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರುವ ನಾಲ್ಕಾರು ಜನ, ಅವರದೊಂದು ವಾಟ್ಸ್‌ಆ್ಯಪ್ ಬಳಗ. ಆದ್ದರಿಂದ ಫೋನಿನಲ್ಲಿ ಹುಡುಕುವುದಕ್ಕಿಂತ ಮೈದಾನಕ್ಕೆ ಹೋಗಿ ನಿಲ್ಲುವುದು ಬೇಗ ಫಲ ಕೊಡುತ್ತದೆ. ಒಂದು ವಾರದಲ್ಲಿ ಮೂರು ದಿನ, ಒಂದೇ ಹೊತ್ತಿಗೆ ಹೋಗಿ. ಮೊದಲ ದಿನ ಮುಖಗಳು ಕಾಣುತ್ತವೆ, ಎರಡನೆಯ ದಿನ ಯಾರು ಯಾರ ಜೊತೆ ಎಂದು ತಿಳಿಯುತ್ತದೆ, ಮೂರನೆಯ ದಿನ ಅವರೇ ತಲೆಯಾಡಿಸುತ್ತಾರೆ. ಅವರು ಓಟ ಮುಗಿಸಿ ಕೈಕಾಲು ಸಡಿಲಿಸುವಾಗ ಹತ್ತಿರ ಹೋಗಿ, "ಸರ್, ನಾನು ನಾಲ್ಕು ಕಿಲೋಮೀಟರ್ ನಿಧಾನಕ್ಕೆ ಓಡ್ತೀನಿ, ನಿಮ್ಮ ಜೊತೆ ಬರಬಹುದಾ?" ಎಂದು ಕೇಳಿ. ದೂರವನ್ನೂ ವೇಗವನ್ನೂ ಮೊದಲೇ ಹೇಳಿದರೆ ಎದುರಿನವರಿಗೆ ಉತ್ತರ ಕೊಡಲು ಸುಲಭ.

ಮೈದಾನದಲ್ಲಿ ಕಾಣುವ ಎಲ್ಲ ಓಟಗಾರರ ಗುರಿ ಒಂದೇ ಅಲ್ಲ. ಪೊಲೀಸ್ ಮತ್ತು ಸೇನೆಯ ನೇಮಕಾತಿಗೆ ತಯಾರಾಗುವ ಹುಡುಗರು 1,600 ಮೀಟರನ್ನು ಗಡಿಯಾರ ನೋಡಿಕೊಂಡು ಓಡುತ್ತಾರೆ, ಅವರ ಜೊತೆ ಸೇರಿದರೆ ಹೊಸಬರ ಮೊಣಕಾಲು ಕೈಕೊಡುತ್ತದೆ. ಶಾಲಾ ಕಾಲೇಜಿನ ಕ್ರೀಡಾಪಟುಗಳಿಗೆ ತರಬೇತುದಾರರಿರುತ್ತಾರೆ. ನಿಮಗೆ ಬೇಕಾದವರು ನಲವತ್ತು ಐವತ್ತರ ಆಸುಪಾಸಿನ, ಕೆಲಸಕ್ಕೆ ಹೋಗುವ ಮುಂಚೆ ಬಂದು ಹೋಗುವ ಜನ. ವರ್ಷಗಟ್ಟಲೆ ಬಿಡದೆ ಬರುವವರು ಅವರೇ.

ಮೈದಾನದಲ್ಲಿ ಸಿಗದಿದ್ದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಪ್ರತಿ ವರ್ಷ ನಡೆಯುವ ದಸರಾ ಕ್ರೀಡಾಕೂಟ, ಅಕ್ಟೋಬರ್ 31ರ ಏಕತಾ ಓಟದಂತಹ ಕಾರ್ಯಕ್ರಮಗಳಿಗೆ ಹೋದರೆ ಊರಿನ ಓಟಗಾರರೆಲ್ಲ ಒಂದೇ ಕಡೆ ಸಿಗುತ್ತಾರೆ. ಕ್ರೀಡಾ ಸಾಮಗ್ರಿಯ ಅಂಗಡಿಯವರಿಗೆ ಓಟದ ಬೂಟನ್ನು ಪದೇ ಪದೇ ಕೊಳ್ಳುವವರು ಯಾರೆಂದು ಗೊತ್ತಿರುತ್ತದೆ. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆಯಂತಹ ಓಟಕ್ಕೆ ಹೆಸರು ಕೊಟ್ಟವರು ಊರಿನಿಂದ ಒಟ್ಟಿಗೆ ಹೋಗಲು ಜೊತೆ ಹುಡುಕುತ್ತಾರೆ, ಆ ಪ್ರಯಾಣದಲ್ಲಿ ಹುಟ್ಟಿದ ಗುಂಪುಗಳು ಗಟ್ಟಿಯಾಗಿರುತ್ತವೆ.

ಗುಂಪು ಸಿಕ್ಕ ಮೇಲೆ ಮೂರು ನಾಲ್ಕು ಓಟದವರೆಗೆ ಸುಮ್ಮನೆ ಗಮನಿಸಿ. ಹೊರಡುವ ಮುಂಚೆ ದಾರಿ, ದೂರ, ವೇಗ ಹೇಳುತ್ತಾರೆಯೇ? ಆರು ಎಂದರೆ ಆರಕ್ಕೇ ಹೊರಡುತ್ತಾರೆಯೇ? ಕೊನೆಯಲ್ಲಿರುವವರ ಜೊತೆ ಒಬ್ಬ ಅನುಭವಿ ಇರುತ್ತಾರೆಯೇ? ಹೆಣ್ಣುಮಕ್ಕಳು ಒಮ್ಮೆ ಬಂದವರು ಮತ್ತೆ ಬರುತ್ತಾರೆಯೇ? ನೋವಿದೆ ಎಂದವರಿಗೆ "ಓಡಿದರೆ ಸರಿಹೋಗುತ್ತೆ" ಎನ್ನುತ್ತಾರೋ, ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತಾರೋ? ಎರಡನೆಯ ವಾರವೇ ಶಕ್ತಿಯ ಪುಡಿ ಡಬ್ಬಿ ಮಾರಲು ಆರಂಭಿಸುವವರಿಂದ ದೂರವಿರುವುದು ಲೇಸು. ಓಡುತ್ತ ಪೂರ್ತಿ ವಾಕ್ಯದಲ್ಲಿ ಮಾತಾಡಲು ನಿಮಗೆ ಆಗುತ್ತಿಲ್ಲವಾದರೆ ಆ ಗುಂಪಿನ ವೇಗ ನಿಮಗೆ ಸದ್ಯಕ್ಕೆ ಹೆಚ್ಚು. ಹಾಗೆಂದು ನಾಚಿಕೆಯಿಂದ ಬಿಟ್ಟುಬಿಡದೆ, ನಿಧಾನವಾಗಿ ಓಡುವ ದಿನ ಯಾವುದೆಂದು ಕೇಳಿ ಆ ದಿನ ಹೋಗಿ.

9. ಯಾರೂ ಸಿಗದಿದ್ದರೆ

ನೀವೇ ಆರಂಭಿಸಿ. ಇನ್ನೊಬ್ಬರು ಸಿಕ್ಕರೆ ಸಾಕು. ಒಂದು ಜಾಗ, ವಾರದ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ, ಮಳೆ ಬಂದರೂ ಮೂರು ತಿಂಗಳು ಅದನ್ನು ಬದಲಿಸಬೇಡಿ. ಹಿಂದಿನ ಸಂಜೆ ಕಳುಹಿಸುವ ಸಂದೇಶ ಚಿಕ್ಕದಾಗಿರಲಿ: "ನಾಳೆ ಭಾನುವಾರ, 6 ಗಂಟೆ, ಆಟದ ಮೈದಾನದ ಗೇಟು. ಹಿರೇಮಗಳೂರಿನ ಕಡೆ 5 ಕಿ.ಮೀ., ನಿಧಾನದ ಓಟ. ಮಳೆ ಜೋರಿದ್ದರೆ ಮೈದಾನದಲ್ಲೇ." ಹೊಸಬರು ಬಂದ ದಿನ ಅವರ ಮನೆಯವರ ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ಹೊರಡುವಾಗ ತಲೆ ಎಣಿಸಿ, ಕವಲು ಬಂದ ಕಡೆಯೆಲ್ಲ ಹಿಂದಿನವರು ಕಾಣುವವರೆಗೆ ನಿಲ್ಲಿ, ಗೇಟಿಗೆ ಮರಳಿದ ಮೇಲೆ ಮತ್ತೊಮ್ಮೆ ಎಣಿಸಿ, ಆಮೇಲೆ ಎಲ್ಲರೂ ಚಹಾಕ್ಕೆ ಹೋಗಿ.